ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಐದಕ್ಕೆ ಮೂರು ಪಾಸಲ್ಲ

ಅಡಿಕೆ ಕೊಯ್ಲಿಗೆಂದು ತೀರ್ಥಹಳ್ಳಿಯ ಮನೆಗೆ ಬಂದಿದ್ದೇನೆ. ನಿನ್ನೆ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದಾಗ ಜ್ಯೂರಿಕ್‌ನಿಂದ ಅಕ್ಕನ ಮಗನ ಫೋನ್: "ಮಾವ, ನಾಳೆ ಹಿಮದಲ್ಲಿ ಚಾರಣ. ಹಿಮಕುಸಿತದ ಅಪಾಯದ ಮಟ್ಟ ಐದರಲ್ಲಿ ಮೂರಂತೆ. ನಡುಮಧ್ಯ, ಹೋಗಬಹುದಲ್ಲವೇ?" ಹೊಸದಾಗಿ ಹೋದ ನಮ್ಮವರು ಎಡವುವುದು ಇಲ್ಲಿಯೇ.

ಚಳಿಗಾಲದಲ್ಲಿ ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್ ದಿನವೂ ಸಂಜೆ 5ಕ್ಕೆ ಹಿಮಕುಸಿತದ ವರದಿ ಹೊರಡಿಸುತ್ತದೆ. ಬೆಳಿಗ್ಗೆ 8ಕ್ಕೆ ಮತ್ತೊಂದು. ವೈಟ್ ರಿಸ್ಕ್ ಆ್ಯಪ್‌ನಲ್ಲಿ ಇಂಗ್ಲಿಷಿನಲ್ಲೂ ಸಿಗುತ್ತದೆ. ನಮ್ಮ ಆರೆಂಜ್ ಅಲರ್ಟ್ ಮಳೆಯ ಪ್ರಮಾಣ ಹೇಳುತ್ತದೆ. ಯಾರ ಮನೆಯ ಹಿಂದಿನ ಧರೆ ಜರಿಯುತ್ತದೆಂದು ಹೇಳುವುದಿಲ್ಲ. ಅಲ್ಲಿನದು ಇಳಿಜಾರಿನದೇ ಲೆಕ್ಕ: ಉತ್ತರಕ್ಕೆ ಮುಖ ಮಾಡಿದ, 2,200 ಮೀಟರಿಗಿಂತ ಮೇಲಿನ ಇಳಿಜಾರುಗಳಲ್ಲಿ ಅಪಾಯ ಹೆಚ್ಚು, ಹೀಗೆ. ಅಂಕಿ ನೋಡಿ ಮುಚ್ಚಿಬಿಡಬೇಡಿ, ಈ ಸಾಲು ಓದಿ.

ಮೂರು ಎಂದರೆ 'ಗಣನೀಯ' ಅಪಾಯ. ಹಿಮಕುಸಿತದ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಈ ಮಟ್ಟದಲ್ಲೇ ಆಗುತ್ತವೆ. ನಾಲ್ಕಿದ್ದರೆ ಜನ ಹೆದರಿ ಮನೆಯಲ್ಲಿರುತ್ತಾರೆ. ಮೂರಿದ್ದ ದಿನ ಬಿಸಿಲು ಚೆನ್ನಾಗಿದ್ದರೆ ಹೊರಟುಬಿಡುತ್ತಾರೆ. ಒಬ್ಬನ ಭಾರವೇ ಸಾಕು ಜರಿಯಲು.

ಘಟ್ಟದಲ್ಲಿ ಗುಡ್ಡ ಜರಿದ ಜಾಗ ನೋಡಿದ್ದೀರಲ್ಲ, ಮೇಲೆ ಗಟ್ಟಿ ಜಂಬಿಟ್ಟಿಗೆ, ಒಳಗೆ ನೀರು ಕುಡಿದ ಶೇಡಿ ಮಣ್ಣು. ಹಿಮದಲ್ಲಿಯೂ ಹಾಗೆಯೇ: ಕೆಳಗೆ ಸಕ್ಕರೆಯಂತೆ ಒಂದಕ್ಕೊಂದು ಅಂಟದ ಹರಳುಗಳು, ಮೇಲೆ ಗಾಳಿ ತಂದು ಹಾಸಿದ ಚಪ್ಪಡಿ. ಒಮ್ಮೆ ನನ್ನ ಕಾಲ ಕೆಳಗೆ 'ಧಪ್' ಎಂದಿತು. ಹಿಮ ಒಂದು ಬೆರಳಿನಷ್ಟು ಕುಸಿದು ಕೂತಿತು, ಬಿರುಕು ಕೇರೆಹಾವಿನಂತೆ ಮುಂದಕ್ಕೆ ಓಡಿತು. ಬಂದ ಹೆಜ್ಜೆಗಳ ಮೇಲೆಯೇ ಹಿಂದಿರುಗಿದೆವು, ಯಾರೂ ಮಾತಾಡಲಿಲ್ಲ.

ಅಲ್ಲಿನ ಸರ್ಕಾರಿ ನಕ್ಷೆಯಾದ ಸ್ವಿಸ್‌ಟೋಪೊದಲ್ಲಿ 30 ಡಿಗ್ರಿಗಿಂತ ಕಡಿದಾದ ಇಳಿಜಾರುಗಳಿಗೆ ಬಣ್ಣ ಹಾಕಿಸಿಕೊಂಡು ನೋಡಬಹುದು. ನೀವು ನಡೆಯುವ ಜಾಗ ಸಮತಟ್ಟಾಗಿದ್ದರೆ ಸಾಲದು, ನೆತ್ತಿಯ ಮೇಲೆ ಏನಿದೆ ಎಂದೂ ನೋಡಿ. ಹೂತವರನ್ನು ಪತ್ತೆಹಚ್ಚುವ ಟ್ರಾನ್ಸ್‌ಸೀವರ್, ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು. ಹೂತುಹೋದವರ ಬದುಕು ಹತ್ತು-ಹದಿನೈದು ನಿಮಿಷಗಳ ಮಾತು. 1414ಕ್ಕೆ ಕರೆ ಮಾಡಿದರೆ ರೇಗಾ ಎಂಬ ರಕ್ಷಣಾ ಸಂಸ್ಥೆಯ ಹೆಲಿಕಾಪ್ಟರ್ ಬರುತ್ತದೆ, ವಾಲೆ ಪ್ರಾಂತ್ಯದಲ್ಲಾದರೆ 144. ಆದರೆ ಅಷ್ಟರೊಳಗೆ ಅಗೆಯಬೇಕಾದವರು ಜೊತೆಗಾರರೇ.

ಇದೊಂದೂ ಕಲಿಯದ ಅಳಿಯನಿಗೆ, ಗುಲಾಬಿ ಫಲಕವಿರುವ ಚಳಿಗಾಲದ ಕಾಲುದಾರಿ ಹಿಡಿ, ಅದೂ ತೆರೆದಿದೆಯೆಂದು ಖಾತ್ರಿಯಾದರೆ ಮಾತ್ರ, ಎಂದೆ. "ಅಲ್ಲಿ ಬರೀ ಅಜ್ಜ ಅಜ್ಜಿಯರೇ ಇರುತ್ತಾರೆ ಮಾವ" ಎಂದು ಗೊಣಗಿದ.