‘ಇವರು ಸರಿಯಾದ ಮುಸ್ಲಿಮರಾ?’ ಅಂತ ಕೇಳುವ ಮೊದಲು

ಚಿತ್ರದುರ್ಗದ ನಮ್ಮ ಮನೆಗೆ ಗಾದಿ ತುಂಬಲು ಒಬ್ಬ ಪಿಂಜಾರ ಅಜ್ಜ ಬರುತ್ತಿದ್ದರು. ಟಣ್ ಟಣ್ ಅಂತ ಬಿಲ್ಲು ಮೀಟಿ ಹತ್ತಿ ಹಿಂಜುವಾಗ ಅವರ ಹುಬ್ಬಿನ ತುಂಬ ಹತ್ತಿ ಎಳೆ ಕೂರುತ್ತಿತ್ತು. ಮನೆಮಾತು ಕನ್ನಡ, ಉರ್ದು ಬರುತ್ತಿರಲಿಲ್ಲ, ನಮಾಜು ಶುಕ್ರವಾರ ಮಾತ್ರ. ಅವರು ಆ ಕಡೆ ಹೋದ ಕೂಡಲೇ ಯಾರಾದರೂ ಈ ಪ್ರಶ್ನೆ ಎತ್ತುತ್ತಿದ್ದರು. ನನಗೆ ಆಗಲೂ ಬೇಜಾರಾಗುತ್ತಿತ್ತು, ಈಗಲೂ ಆಗುತ್ತದೆ. ಇಸ್ಲಾಮಿನ ಕಾನೂನು, ಅಂದರೆ ಫಿಕ್ಹ್, ಇದನ್ನು ಹೇಗೆ ನೋಡುತ್ತದೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಬಾಯಿಮಾತು ಕೇಳಿ. ಅಲ್ಲಾಹನ ಹೊರತು ದೇವರಿಲ್ಲ, ಮುಹಮ್ಮದರು ಅಲ್ಲಾಹನ ಪ್ರವಾದಿ ಅನ್ನುವ ಕಲಿಮಾವನ್ನು ತಿಳಿದು, ಒಪ್ಪಿ ಹೇಳಿದರೆ ಸಾಕು. ಭಾಷೆ, ಉಡುಪು, ಜಾತಿ ಯಾವುದೂ ಲೆಕ್ಕಕ್ಕಿಲ್ಲ. ಮುಸ್ಲಿಂ ತಂದೆ-ತಾಯಿಯ ಮಗುವಾದರೆ ಹುಟ್ಟಿನಿಂದಲೇ ಮುಸ್ಲಿಂ.

ಆಮೇಲೆ ಮನಸ್ಸಿನೊಳಗೆ ಇಣುಕಬೇಡಿ. ಯುದ್ಧದಲ್ಲಿ ಒಬ್ಬ ಕಲಿಮಾ ಹೇಳಿದ ಮೇಲೂ ಪ್ರವಾದಿಯವರ ಸಂಗಾತಿ ಉಸಾಮಾ ಅವನನ್ನು ಕೊಂದರು, ಹೆದರಿ ಹೇಳಿದ ಅಂತ ಸಮಜಾಯಿಷಿ ಕೊಟ್ಟರು. ನೀನು ಅವನ ಎದೆ ಸೀಳಿ ನೋಡಿದೆಯಾ ಅಂತ ಪ್ರವಾದಿಯವರು ಕೇಳಿದರು ಅಂತ ಹದೀಸಿನಲ್ಲಿ, ಅಂದರೆ ಅವರ ಮಾತು-ನಡೆಯ ದಾಖಲೆಯಲ್ಲಿ, ಇದೆ. ಈ ವಿಷಯದಲ್ಲಿ ನನಗೆ ಇದಕ್ಕಿಂತ ದೊಡ್ಡ ಮಾತು ಸಿಕ್ಕಿಲ್ಲ.

ನಂಬಿಕೆ ಬೇರೆ, ನಡತೆ ಬೇರೆ ಮಾಡಿ ನೋಡಿ. ಜಾಸ್ತಿ ಗೊಂದಲ ಇರುವುದು ಇಲ್ಲೇ. ಸುನ್ನಿಗಳಲ್ಲಿ ಹನಫಿ, ಶಾಫಿ, ಮಾಲಿಕಿ, ಹನ್ಬಲಿ ಅಂತ ನಾಲ್ಕು ಮದ್ಹಬ್, ಅಂದರೆ ಫಿಕ್ಹ್‌ನ ಪಂಥಗಳಿವೆ. ದಾವಣಗೆರೆ, ಚಿತ್ರದುರ್ಗದ ಕಡೆ ಹೆಚ್ಚಿನವರು ಹನಫಿ, ಭಟ್ಕಳದ ನವಾಯತರು ಮತ್ತು ಕರಾವಳಿಯ ಬ್ಯಾರಿಗಳು ಶಾಫಿ. ಹನಫಿಗಳ ಪ್ರಕಾರ ಈಮಾನ್ (ನಂಬಿಕೆ) ಅಂದರೆ ಮನಸ್ಸಿನ ಒಪ್ಪಿಗೆ ಮತ್ತು ಬಾಯಿಯ ಮಾತು, ಹಾಗಾಗಿ ನಮಾಜು ಬಿಟ್ಟವನು ಪಾಪಿಯಾದರೂ ಮುಸ್ಲಿಮನೇ. ಶಾಫಿ, ಮಾಲಿಕಿ, ಹನ್ಬಲಿಗಳಿಗೆ ನಡತೆಯೂ ಈಮಾನಿನ ಭಾಗ, ಅದು ಹೆಚ್ಚುತ್ತದೆ, ಕಡಿಮೆಯಾಗುತ್ತದೆ. ಆದರೂ ಸೋಮಾರಿತನಕ್ಕೆ ನಮಾಜು ಬಿಟ್ಟವನನ್ನು ಶಾಫಿ, ಮಾಲಿಕಿಗಳು ಧರ್ಮದಿಂದ ಹೊರಗೆ ಹಾಕುವುದಿಲ್ಲ. ಹನ್ಬಲಿಗಳಲ್ಲಿ ಮಾತ್ರ ಹೊರಗೆ ಅನ್ನುವ ಬಲವಾದ ಅಭಿಪ್ರಾಯ ಇದೆ. ದೊಡ್ಡ ಪಾಪ ಮಾಡಿದವನು ಕಾಫಿರನೇ, ಅಂದರೆ ಧರ್ಮದ ಹೊರಗಿನವನೇ, ಅಂದವರು 7ನೇ ಶತಮಾನದ ಖವಾರಿಜರು ಅನ್ನುವ ಗುಂಪಿನವರು. 661ರಲ್ಲಿ ಖಲೀಫ ಅಲಿಯವರನ್ನು ಕೊಂದವನು ಅವರಲ್ಲೇ ಒಬ್ಬ.

ನಮಾಜು ತಪ್ಪಿಸುವುದು ಒಂದು, ನಮಾಜು ಕಡ್ಡಾಯ ಅಂತ ತಿಳಿದೂ, ಕಡ್ಡಾಯವೇ ಅಲ್ಲ ಅಂತ ತಳ್ಳಿಹಾಕುವುದು ಇನ್ನೊಂದು. ಎರಡನೆಯದನ್ನು ಎಲ್ಲ ಮದ್ಹಬ್‌ಗಳೂ ಧರ್ಮ ಬಿಟ್ಟಂತೆ ಅಂತಲೇ ನೋಡುತ್ತವೆ. ಮುಹಮ್ಮದರೇ ಕೊನೆಯ ಪ್ರವಾದಿ ಅನ್ನುವುದೂ ಇಂಥ ಮೂಲ ನಂಬಿಕೆ, ಮಿರ್ಜಾ ಗುಲಾಂ ಅಹ್ಮದರನ್ನೂ ಪ್ರವಾದಿ ಅಂತ ನಂಬುವ ಅಹ್ಮದಿಯರ ವಿವಾದ ಹುಟ್ಟಿದ್ದು ಅದರಿಂದಲೇ. ಉಲೇಮಾಗಳಲ್ಲಿ, ಅಂದರೆ ಧರ್ಮ ವಿದ್ವಾಂಸರಲ್ಲಿ, ಹೆಚ್ಚಿನವರು ಅವರನ್ನು ಮುಸ್ಲಿಮರು ಅಂತ ಒಪ್ಪುವುದಿಲ್ಲ, ಪಾಕಿಸ್ತಾನ 1974ರಲ್ಲಿ ಅವರು ಮುಸ್ಲಿಮರಲ್ಲ ಅಂತ ಸಂವಿಧಾನಕ್ಕೇ ತಿದ್ದುಪಡಿ ತಂದಿತು. ನಮ್ಮ ಮದ್ರಾಸ್ ಹೈಕೋರ್ಟ್ 1922ರಲ್ಲೇ ಅವರು ಮುಸ್ಲಿಮರೇ ಅಂದಿತ್ತು. ಅಂದರೆ ಕೋರ್ಟಿನ ಉತ್ತರ, ಉಲೇಮಾಗಳ ಉತ್ತರ ಒಂದೇ ಇರಬೇಕಿಲ್ಲ, ಯಾರ ಉತ್ತರ ಕೇಳುತ್ತಿದ್ದೀರಿ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ.

ಪಂಗಡದ ಜಗಳ ಬಂದರೆ ಜೋರ್ಡಾನ್ ದೇಶದಲ್ಲಿ ನಡೆದ 2005ರ ಅಮ್ಮಾನ್ ಸಮ್ಮೇಳನದ ಮಾತು ಹೇಳಿ. ಸುಮಾರು 50 ದೇಶಗಳ 200 ವಿದ್ವಾಂಸರು ಸೇರಿ ಸುನ್ನಿ, ಶಿಯಾ, ಒಮಾನ್ ಕಡೆಯ ಇಬಾದಿ ಸೇರಿದಂತೆ 8 ಮದ್ಹಬ್‌ಗಳನ್ನು ಒಪ್ಪಿದರು, ಇವರಲ್ಲಿ ಯಾರನ್ನೂ ಕಾಫಿರ್ ಅನ್ನುವಂತಿಲ್ಲ ಅಂದರು.

ನಿಕಾಹ್, ಆಸ್ತಿ, ಖಬರಸ್ಥಾನದ ಜಾಗ, ಇಂಥ ನಿಜವಾದ ಕೆಲಸ ಇದ್ದರೆ ಆಲಿಮರನ್ನೋ ವಕೀಲರನ್ನೋ ಕೇಳಿ. ಸುಮ್ನೆ ಕುತೂಹಲ ಅಷ್ಟೇ ಆದರೆ, ಗಾದಿ ತುಂಬಿದ ಅಜ್ಜನಿಗೆ ಒಂದು ಲೋಟ ಚಹಾ ಕೊಟ್ಟು ಅವರನ್ನೇ ಮಾತಾಡಿಸಿ.