‘ಬೆಂಗಾಲ್’ ಹಡಗಿನ ಚರಿತ್ರೆಯನ್ನು ನಾನು ಜೋಡಿಸಿದ ಬಗೆ

ಯುದ್ಧನೌಕೆ ಎಚ್‌ಎಂಐಎಸ್ ಬೆಂಗಾಲ್ ಬಗ್ಗೆ ಬರೆಯುವವರು ಹೆಚ್ಚಾಗಿ 1942ರ ನವೆಂಬರ್ 11ರಂದು ಹಿಂದೂ ಮಹಾಸಾಗರದಲ್ಲಿ ನಡೆದ ಕಾಳಗದಿಂದ ಶುರುಮಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ಹಡಗು ಹುಟ್ಟಿದ ಕಡೆಯಿಂದ ಬಂದೆ. ಸಿಡ್ನಿಯ ಕೊಕಾಟೂ ದ್ವೀಪದಲ್ಲಿ ರಾಯಲ್ ಇಂಡಿಯನ್ ನೇವಿಗಾಗಿ (ಬ್ರಿಟಿಷರ ಕಾಲದ ಭಾರತದ ನೌಕಾಪಡೆ) ಕಟ್ಟಿದ ಬಾಥರ್ಸ್ಟ್ ವರ್ಗದ ಕಾರ್ವೆಟ್, ಅಂದರೆ ಚಿಕ್ಕ ಯುದ್ಧನೌಕೆ ಅದು. ಬಾಂಬೆ, ಮದ್ರಾಸ್, ಪಂಜಾಬ್ ಅದರ ಜೊತೆಯ ಹಡಗುಗಳು. ಸೇವೆಗೆ ಸೇರಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ಅಂದರೆ ಕಾಳಗದ ಹೊತ್ತಿಗೆ ಅದಕ್ಕೆ ಬರೀ ಮೂರು ತಿಂಗಳು! ಇದು ಗೊತ್ತಾದ ಮೇಲೆ ಆ ನಾವಿಕರ ಮೇಲಿನ ಗೌರವ ನನಗೆ ಇನ್ನೂ ಹೆಚ್ಚಾಯಿತು.

ಕಾಳಗದ ದಿನಕ್ಕೆ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿದೆ: ಬೆಂಗಾಲ್, ಅದು ಕಾವಲಿದ್ದ ಡಚ್ ಟ್ಯಾಂಕರ್ ಒಂಡಿನಾ, ಎದುರಾದ ಜಪಾನಿನ ಹಡಗುಗಳು ಹೊಕೊಕು ಮಾರು ಮತ್ತು ಐಕೊಕು ಮಾರು. ಯಾವ ಕಡೆಯವರು ಹೇಳಿದ್ದು ಆ ಅಂಕಣದಲ್ಲೇ ಇರಬೇಕು, ಬೆರೆಸಕೂಡದು. ಬೆಂಗಾಲ್‌ಗೆ ಇದ್ದದ್ದು ಒಂದು 76 ಮಿ.ಮೀ. ಫಿರಂಗಿ. ಎದುರಿಗೆ ಹತ್ತು ಸಾವಿರ ಟನ್ನಿಗೂ ಮೀರಿದ ಎರಡು ಹಡಗು, 140 ಮಿ.ಮೀ. ಫಿರಂಗಿಗಳು. ಆದರೂ ಬೆಂಗಾಲ್‌ನ ನಾಯಕ ಲೆಫ್ಟಿನೆಂಟ್ ಕಮಾಂಡರ್ ವಿಲ್ಸನ್ ಒಂಡಿನಾಗೆ ತಪ್ಪಿಸಿಕೊಳ್ಳಲು ಹೇಳಿ, ತಾವು ಶತ್ರುವಿನತ್ತ ಹಡಗು ತಿರುಗಿಸಿದರು. ಒಂಡಿನಾ ಕೂಡ ಸುಮ್ಮನೆ ಓಡಲಿಲ್ಲ, ತನ್ನ 102 ಮಿ.ಮೀ. ಫಿರಂಗಿ ಹಾರಿಸಿತು. ಹೊಕೊಕು ಮಾರುಗೆ ಬೆಂಕಿ ಹತ್ತಿ ಸಿಡಿದು ಮುಳುಗಿತು.

ಅದು ಯಾರ ಗುಂಡಿಗೆ? ಬ್ರಿಟಿಷರ ಕಡೆ ಬೆಂಗಾಲ್ ಹೆಸರು, ಡಚ್ಚರ ಕಡೆ ಒಂಡಿನಾ ಹೆಸರು. ಫಿರಂಗಿಯ ಗಾತ್ರ ನೋಡಿದರೆ ಒಂಡಿನಾದ್ದೇ ಇರಬೇಕು ಎಂದು ನನಗನ್ನಿಸುತ್ತದೆ. ಹಾಗಂತ ಅದನ್ನು ತೀರ್ಪಿನಂತೆ ಬರೆಯಲಿಲ್ಲ, ಎರಡೂ ಮಾತನ್ನು ಪಕ್ಕಪಕ್ಕ ಇಟ್ಟೆ.

ಅಂಕಣ ಬೇರೆ ಮಾಡಿದ್ದರ ಉಪಯೋಗ ಆಮೇಲೆ ತಿಳಿಯಿತು. ಮದ್ದುಗುಂಡು ಮುಗಿಯುತ್ತಾ ಬಂದಾಗ ಬೆಂಗಾಲ್ ಹೊಗೆಯ ಪರದೆ ಹಾಕಿ ಹಿಂದೆ ಸರಿಯಿತು. ಒಂಡಿನಾ ಮುಳುಗಿತೆಂದೇ ಬೆಂಗಾಲ್‌ನವರು ನಂಬಿದ್ದರು. ಅತ್ತ ಒಂಡಿನಾದ ಕ್ಯಾಪ್ಟನ್ ಹೊರ್ಸ್‌ಮನ್ ಸತ್ತಿದ್ದರು, ಸಿಬ್ಬಂದಿ ದೋಣಿಗಿಳಿದಿದ್ದರು. ಶತ್ರು ಹೋದ ಮೇಲೆ ಮತ್ತೆ ಹತ್ತಿ, ಬೆಂಕಿ ಆರಿಸಿ, ಹಡಗನ್ನು ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿಗೆ ವಾಪಸ್ ತಂದರು. ಬೆಂಗಾಲ್‌ನ ವರದಿಯೊಂದನ್ನೇ ಓದಿದವರಿಗೆ ಇದು ಸಿಗುವುದೇ ಇಲ್ಲ.

ಬೆಂಗಾಲ್ ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯಾ ದ್ವೀಪ ಸೇರಿತು. ಗಣರಾಜ್ಯವಾದ ಮೇಲೆ ಐಎನ್‌ಎಸ್ ಬೆಂಗಾಲ್ ಆಗಿ ದುಡಿದು, 1960ರಲ್ಲಿ ಗುಜರಿಗೆ ಹೋಯಿತು.