ಮಗಳ ತಲೆನೋವು, ವಿಡಿಯೋ ಕಾಲ್ ಡಾಕ್ಟ್ರು ಮತ್ತೆ ನಮ್ಮನೆ ಹಾಲಿನ ಕ್ಯಾಲೆಂಡರ್

ನನ್ ಮಗಳಿಗೆ ಈಗ 15, ಎಸ್ಸೆಸ್ಸೆಲ್ಸಿ. ಹೋದ ವರ್ಷದಿಂದ ತಲೆನೋವು ತಲೆನೋವು ಅಂತಿದ್ಲು, ಕನ್ನಡಕ ಬೇಕೇನೋ ಅಂತ ಕಣ್ಣು ತೋರಿಸಿದ್ವಿ, ಕಣ್ಣಲ್ಲೇನೂ ಇಲ್ಲ ಅಂದ್ರು, ಕೊನೆಗೆ ಮೈಸೂರಲ್ಲಿ ನರದ ಡಾಕ್ಟ್ರಿಗೆ ತೋರಿಸಿದಾಗ ಮೈಗ್ರೇನ್ ಅಂತ ಗೊತ್ತಾಯ್ತು. ಇನ್ಮೇಲೆ ತಿಂಗಳಿಗೊಂದ್ಸಲ ವಿಡಿಯೋ ಕಾಲಲ್ಲೇ ಮಾತಾಡೋಣ ಅಂದ್ರು ಮೇಡಂ. ಮಂಡ್ಯದಿಂದ ಮೈಸೂರು ಏನ್ ದೂರ ಅಲ್ಲ, 45 ಕಿಲೋಮೀಟರು, ಆದ್ರೆ ಓಪಿಡೀಲಿ ಎರಡು ಗಂಟೆ ಕಾದ್ರೆ ಇಲ್ದಿರೋ ತಲೆನೋವೂ ಬರುತ್ತೆ.

ಮೊದಲನೇ ಕಾಲ್ ಪೂರ್ತಿ ಎಡವಟ್ಟು. ನಡುಮನೇಲಿ ಕೂತಿದ್ವಿ, ಅತ್ತೆ ಸೀರಿಯಲ್ ನೋಡ್ತಿದ್ರು, ಒಳಗೆ ಕುಕ್ಕರ್ ಕೂಗ್ತಿತ್ತು, ಅಷ್ಟೊತ್ತಿಗೆ ಕರೆಂಟ್ ಹೋಗಿ ವೈಫೈನೂ ಹೋಯ್ತು. ಎಷ್ಟು ದಿನ ನೋವು ಬಂತು ಅಂದ್ರೆ ನಾನು "ವಾರಕ್ಕೊಂದ್ಸಲ ಇರ್ಬೋದು ಮೇಡಂ" ಅಂತ ಅಂದಾಜಲ್ಲಿ ಹೇಳ್ಬಿಟ್ಟೆ. ಮಗಳು ಪಕ್ಕದಲ್ಲಿ ಉಗುರು ಕಚ್ಕೊಂಡು ಕೂತಿದ್ಲು, ಒಂದಕ್ಷರ ಮಾತಾಡ್ಲಿಲ್ಲ.

ಎರಡನೇ ಸಲಕ್ಕೆ ಹಿಂದಿನ ದಿನದಿಂದಾನೇ ತಯಾರಿ ಅಲ್ಲ, ಒಂದು ತಿಂಗಳಿಂದಾನೇ. ಅಡುಗೆಮನೇಲಿ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಇದೆಯಲ್ಲ, ಅದ್ರಲ್ಲೇ ನೋವು ಬಂದ ದಿನ ಒಂದು ಗೀಟು, ಮಾತ್ರೆ ತಗೊಂಡ್ರೆ ಅದ್ರ ಮೇಲೊಂದು ಅಡ್ಡಗೀಟು ಹಾಕು ಅಂತ ಅವಳಿಗೇ ಪೆನ್ನು ಕೊಟ್ಟೆ. ಅವಳು ತಾನಾಗೇ ಕೆಲವು ದಿನಕ್ಕೆ ಒಂದು ಚುಕ್ಕೀನೂ ಇಟ್ಟಿದ್ಲು, ಅದು ಪೀರಿಯಡ್ಸ್ ದಿನ ಅಂತ ನನಗೆ ಗೊತ್ತಾಯ್ತು, ಕೇಳೋಕೆ ಹೋಗ್ಲಿಲ್ಲ. ತಿಂಗಳ ಕೊನೇಲಿ ಎಣಿಸಿದ್ರೆ ನೋವು 9 ದಿನ, ಮಾತ್ರೆ 7 ದಿನ! ನಾನು ಹೇಳಿದ್ದ ಲೆಕ್ಕದ ಎರಡರಷ್ಟು. ಅದನ್ನ ನೋಡಿದ ಮೇಲೇ ಮೇಡಂ ನೋವಿನ ಮಾತ್ರೆ ವಾರಕ್ಕೆ ಎರಡು ದಿನ ದಾಟಬಾರ್ದು ಅಂತ ಒತ್ತಿ ಹೇಳಿದ್ದು. ತಿಂಗಳಿಗೆ 15 ದಿನದ ಮೇಲೆ ಹೀಗೇ ತಿಂಗಳುಗಟ್ಟಲೆ ನುಂಗ್ತಾ ಹೋದ್ರೆ ಮಾತ್ರೆಯಿಂದಾನೇ ತಲೆನೋವು ಶುರುವಾಗುತ್ತಂತೆ.

ತೂಕ ಹಿಂದಿನ ದಿನ ಮೆಡಿಕಲ್ ಸ್ಟೋರಲ್ಲಿ ನೋಡಿಸ್ದೆ, ಮಕ್ಕಳಿಗೆ ಎಷ್ಟೋ ಔಷಧಿ ತೂಕ ನೋಡಿ ಕೊಡೋದು. ಬಿಪಿ ಮಿಷನ್ ಮೇಲ್ಮನೆಯವರದ್ದು, ಐದು ನಿಮಿಷ ಸುಮ್ನೆ ಕೂರಿಸಿ ಆಮೇಲೆ ನೋಡ್ದೆ. ರಿಪೋರ್ಟುಗಳನ್ನ ಫ್ಲಾಶ್ ಇಲ್ದೆ ಕಿಟಕಿ ಬೆಳಕಲ್ಲಿ, ಹೆಸರು ತಾರೀಕು ಕಾಣೋ ಹಾಗೆ ಫೋಟೋ ತೆಗೆದು ಮೊದಲೇ ಕಳಿಸಿದ್ದೆ. ಫೋನು ಫುಲ್ ಚಾರ್ಜ್, ವೈಫೈ ನಂಬದೆ ಮೊಬೈಲ್ ಡೇಟಾ, ರಾಗಿಹಿಟ್ಟಿನ ಡಬ್ಬಕ್ಕೆ ಒರಗಿಸಿ ಇಟ್ರೆ ಸ್ಟ್ಯಾಂಡೂ ಬೇಡ. ಅತ್ತೆಗೆ ಮೊದಲೇ ಹೇಳಿದ್ದೆ, ಪಾಪ ಆವತ್ತು ಸೀರಿಯಲ್ ಬಿಟ್ಟು ಪಕ್ಕದ ಮನೆಗೆ ಹೋದ್ರು.

ಆಧಾರ್ ಕಾರ್ಡೂ ಹತ್ರ ಇಟ್ಕೊಂಡಿರಿ. 2020ರ ಮಾರ್ಚಲ್ಲಿ ಬಂದ ಟೆಲಿಮೆಡಿಸಿನ್ (ಫೋನು, ವಿಡಿಯೋಲಿ ಡಾಕ್ಟ್ರು ನೋಡೋದು) ನಿಯಮದ ಪ್ರಕಾರ ಮೈನರ್ ಮಕ್ಕಳ ಜೊತೆ ದೊಡ್ಡವರೊಬ್ರು ಇರ್ಲೇಬೇಕು, ಅವರು ಯಾರು ಅಂತ ಡಾಕ್ಟ್ರು ಖಾತ್ರಿ ಮಾಡ್ಕೋಬೇಕು. ದುಡ್ಡು ಕೊಡೋಕೆ ಕಷ್ಟ ಇರೋರಿಗೆ ಸರ್ಕಾರದ್ದೇ ಆನ್‌ಲೈನ್ ಡಾಕ್ಟ್ರ ಸೇವೆ ಇ-ಸಂಜೀವನಿ ಇದೆ, ಫ್ರೀ.

ಆದ್ರೆ ಇಷ್ಟೆಲ್ಲಾ ಮಾಡಿ ನಾನು ತಯಾರಿ ಮಾಡ್ಕೊಳ್ದೇ ಇದ್ದಿದ್ದು ಒಂದೇ. ಹೆಸರು, ವಯಸ್ಸು, ತೂಕ ಎಲ್ಲಾ ಕೇಳಾದ್ಮೇಲೆ ಮೇಡಂ "ಅಮ್ಮ, ನೀವು ಸ್ವಲ್ಪ ಆಚೆ ಇರಿ, ನಾನು ಇವಳ ಹತ್ರ ಮಾತಾಡ್ತೀನಿ" ಅಂದ್ರು. ನನಗೆ ಪಿಚ್ಚೆನಿಸ್ತು. ನನ್ನಿಂದ ಮುಚ್ಚಿಡೋದೇನಿದೆ ಇವಳಿಗೆ ಅಂತ ಅಡುಗೆಮನೇಲಿ ಸೊಪ್ಪು ಬಿಡಿಸ್ತಾ ಕೂತೆ, ಕಾಂಡ ಎಲ್ಲಾ ಪಾತ್ರೆಗೆ, ಎಲೆ ಎಲ್ಲಾ ಕಸಕ್ಕೆ ಹಾಕಿದ್ದೆ.

ಹತ್ತು ನಿಮಿಷಕ್ಕೆ ಕರೆದ್ರು. "ನೀನೇ ಹೇಳ್ತೀಯಾ, ನಾನು ಹೇಳ್ಲಾ?" ಅಂತ ಮೇಡಂ ಅವಳನ್ನೇ ಕೇಳಿದ್ರು. ಇವಳು ನೆಲ ನೋಡ್ಕೊಂಡು "ಅಮ್ಮ, ನಾನ್ ಸ್ಕೂಲಲ್ಲಿ ನೀರು ಕುಡಿಯಲ್ಲ" ಅಂದ್ಲು. ಟಾಯ್ಲೆಟ್ ಗಲೀಜಂತೆ, ಹೋಗೋಕಾಗಲ್ವಂತೆ, ಅದಕ್ಕೆ ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಗಂಟಲು ಒಣಗಿಸ್ಕೊಂಡೇ ಇರೋದು. ನಾನು ದಿನಾ ತುಂಬಿಸಿ ಕಳಿಸೋ ಬಾಟ್ಲಿ ನೀರನ್ನ ಬಸ್‌ಸ್ಟಾಪ್ ಹತ್ರ ಹೊಂಗೆ ಮರದ ಬುಡಕ್ಕೆ ಸುರಿದು ಖಾಲಿ ಬಾಟ್ಲಿ ತರ್ತಿದ್ಲು ಕಣ್ರಿ. ನಾನು ಖಾಲಿ ಬಾಟ್ಲಿ ನೋಡಿ ಚೆನ್ನಾಗಿ ನೀರು ಕುಡೀತಾಳೆ ಅಂತ ಖುಷಿ ಪಡ್ತಿದ್ದೆ! ನೀರು ಕಮ್ಮಿ ಆದ್ರೆ, ತಿಂಡಿ ಬಿಟ್ರೆ, ನಿದ್ದೆ ಕೆಟ್ರೆ ಮೈಗ್ರೇನ್ ಎದ್ದು ಕೂರುತ್ತೆ ಅಂದ್ರು ಮೇಡಂ. ಇನ್ನೇನು ಮಾತಾಡಿದ್ರೋ ಅದನ್ನ ನಾನು ಕೇಳಿಲ್ಲ.

ಒಂದು ಮಾತು, ತಲೆನೋವು ದಿಢೀರಂತ ಸಿಡಿಲು ಹೊಡೆದ ಹಾಗೆ ಬಂದ್ರೆ, ಜ್ವರದ ಜೊತೆ ಕುತ್ತಿಗೆ ಬಿಗಿದ್ರೆ, ಮಾತು ತೊದಲಿದ್ರೆ, ಕೈಕಾಲು ಬಲ ಕಮ್ಮಿ ಆದ್ರೆ ವಿಡಿಯೋ ಗಿಡಿಯೋ ಅಂತ ಕಾಯ್ಬೇಡಿ, ಸೀದಾ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ ಅಂತಾನೂ ಹೇಳಿದ್ರು.

ಮಾರನೇ ದಿನ ಸ್ಕೂಲಿಗೆ ಹೋಗಿ ಹೆಡ್‌ಮಿಸ್ ಹತ್ರ ಟಾಯ್ಲೆಟ್ ವಿಷಯ ಮಾತಾಡ್ದೆ, ಮಗಳ ಹೆಸರು ಎತ್ಲಿಲ್ಲ. ಸೋಮವಾರದಿಂದ ದಿನಕ್ಕೆರಡು ಸಲ ಕ್ಲೀನ್ ಮಾಡಿಸ್ತೀವಿ ಅಂದಿದ್ದಾರೆ, ನೋಡ್ಬೇಕು.